ಮಾಸ್ಕ್ ತಡೆಯುವುದೆಷ್ಟು, ಊರು ತೊಡುವುದೆಷ್ಟು

2020ರ ನವೆಂಬರಿನಲ್ಲಿ ಬಾಂಗ್ಲಾದೇಶದ ಹಳ್ಳಿಗಳಲ್ಲಿ ಕೆಲವರು ಸಂತೆ, ಚಹಾ ಅಂಗಡಿ, ಮಸೀದಿಗಳ ಹತ್ತಿರ ನಿಂತು ಮುಖಗಳನ್ನು ಲೆಕ್ಕ ಹಾಕತೊಡಗಿದರು. ಎದುರಿಗೆ ಬಂದವರು ಮೂಗು, ಬಾಯಿ ಎರಡನ್ನೂ ಮುಚ್ಚಿಕೊಂಡಿದ್ದಾರೆಯೇ? ಮಾಸ್ಕ್ ಗದ್ದಕ್ಕೆ ಇಳಿದಿದೆಯೇ? ಪಕ್ಕದವರಿಗೂ ಅವರಿಗೂ ನಡುವೆ ಕನಿಷ್ಠ ಒಂದು ತೋಳಿನಷ್ಟು ಜಾಗವಿದೆಯೇ? ಅದೇ ಹಳ್ಳಿಗಳಲ್ಲಿ ಮಾಸ್ಕ್ ಹಂಚುತ್ತಿದ್ದವರ ತಂಡಕ್ಕೂ ಇವರಿಗೂ ಹೊರನೋಟಕ್ಕೆ ಸಂಬಂಧವೇ ಕಾಣಬಾರದೆಂದು ಗುರುತಿನ ಬಟ್ಟೆಯಿಲ್ಲದೆ ನಿಂತಿದ್ದರು. ಯಾರಾದರೂ ಗಮನಿಸುತ್ತಿದ್ದಾರೆಂದು ತಿಳಿದೊಡನೆ ಜನ ಮಾಸ್ಕ್ ಮೇಲೇರಿಸುತ್ತಾರೆ. ಆಗ ಲೆಕ್ಕ ಕೆಡುತ್ತದೆ.

ಅಷ್ಟರಲ್ಲಿ ಕೋವಿಡ್ ಬಂದು ವರ್ಷವಾಗುತ್ತ ಬಂದಿತ್ತು. ಕೋಟ್ಯಂತರ ಜನರ ಮುಖಕ್ಕೆ ಮಾಸ್ಕ್ ಬಂದಿತ್ತು, ಹಾಕದವರಿಗೆ ದಂಡ ಬೀಳುತ್ತಿತ್ತು. ಆದರೂ ಒಂದು ಸರಳ ಪ್ರಶ್ನೆಗೆ ಗಟ್ಟಿ ಉತ್ತರ ಯಾರ ಬಳಿಯೂ ಇರಲಿಲ್ಲ: ಒಂದು ಇಡೀ ಊರಿಗೆ ಮಾಸ್ಕ್ ಕೊಟ್ಟು, ಹಾಕಿಕೊಳ್ಳಿ ಎಂದು ಒತ್ತಾಯಿಸಿದರೆ, ಆ ಊರಿನಲ್ಲಿ ಕಾಯಿಲೆ ಕಡಿಮೆಯಾಗುತ್ತದೆಯೇ? ಬಾಂಗ್ಲಾದೇಶ ಮೂಲದ ಅರ್ಥಶಾಸ್ತ್ರಜ್ಞ ಅಹ್ಮದ್ ಮುಶ್ಫಿಕ್ ಮುಬಾರಕ್, ಅವರ ಯೇಲ್ ವಿಶ್ವವಿದ್ಯಾಲಯದ ಸಹೋದ್ಯೋಗಿ ಜೇಸನ್ ಅಬಾಲಕ್, ಸ್ಟ್ಯಾನ್‌ಫರ್ಡ್‌ನ ವೈದ್ಯ ಸ್ಟೀಫನ್ ಲ್ಯೂಬಿ ಮತ್ತು ಅವರ ಜೊತೆಗಾರರು ಈ ಪ್ರಶ್ನೆಯನ್ನು ಹಿಡಿದು 600 ಹಳ್ಳಿಗಳಿಗೆ ಇಳಿದಿದ್ದರು.

ಇದರ ಜೊತೆಗೆ ಬೆರೆತುಹೋಗುವ ಇನ್ನೊಂದು ಪ್ರಶ್ನೆಯಿದೆ: ಮಾಸ್ಕಿನ ಬಟ್ಟೆ ವೈರಸ್ಸನ್ನು ತಡೆಯುತ್ತದೆಯೇ? ಈ ಎರಡು ಪ್ರಶ್ನೆಗಳನ್ನು ಒಂದೇ ಎಂದು ತಿಳಿದದ್ದರಿಂದಲೇ ಕೋವಿಡ್ ಕಾಲದ ಅರ್ಧಕ್ಕರ್ಧ ಜಗಳ ಹುಟ್ಟಿತು ಎಂದು ನನಗನ್ನಿಸುತ್ತದೆ. ಬಟ್ಟೆಯ ಪ್ರಶ್ನೆಯನ್ನು ಮೊದಲು ಮುಗಿಸಿಕೊಂಡರೆ ಹಳ್ಳಿಗಳ ಲೆಕ್ಕ ಅರ್ಥವಾಗುವುದು ಸುಲಭ.

ಆಗ ಎಲ್ಲೆಡೆ ಕೇಳಿಬರುತ್ತಿದ್ದ ಆಕ್ಷೇಪ ಇದು: ಕೊರೊನಾ ವೈರಸ್ಸಿನ ಅಡ್ಡಳತೆ ಸುಮಾರು 0.1 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಹತ್ತು ಸಾವಿರದಲ್ಲಿ ಒಂದು ಭಾಗ. ಬಟ್ಟೆಯ ಎಳೆಗಳ ನಡುವಿನ ಕಿಂಡಿ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ರಾಗಿ ಹಿಟ್ಟು ಜರಡಿಯಿಂದ ಇಳಿದಂತೆ ವೈರಸ್ ಇಳಿದುಬರುವುದಿಲ್ಲವೇ? ಕೇಳಲು ಸರಿಯಾಗಿಯೇ ಇದೆ. ಆದರೆ ಮಾಸ್ಕ್ ಜರಡಿಯ ರೀತಿಯಲ್ಲಿ ಕೆಲಸ ಮಾಡುವುದಿಲ್ಲ, ವೈರಸ್ಸೂ ಹಿಟ್ಟಿನಂತೆ ಬಿಡಿಬಿಡಿಯಾಗಿ ಬರುವುದಿಲ್ಲ.

ವೈರಸ್ ನಮ್ಮ ಉಸಿರಿನ ಜೊತೆ ಹೊರಬರುವುದು ಜೊಲ್ಲು, ಲೋಳೆ, ಉಪ್ಪು, ಪ್ರೋಟೀನುಗಳು ಕೂಡಿದ ಒದ್ದೆ ಕಣದೊಳಗೆ. ಕೆಮ್ಮಿದಾಗ, ಮಾತಾಡಿದಾಗ, ಹಾಡಿದಾಗ, ಬರಿದೇ ಉಸಿರಾಡಿದಾಗಲೂ ಇಂಥ ಕಣಗಳು ಹೊರಬೀಳುತ್ತವೆ. ಕಣ್ಣಿಗೆ ಕಾಣುವಷ್ಟು ದೊಡ್ಡ ಹನಿಗಳು ಕೆಲವೇ ಕ್ಷಣಗಳಲ್ಲಿ ನೆಲಕ್ಕೆ ಬೀಳುತ್ತವೆ. ಸಣ್ಣವು ಬೀಳುವ ಮೊದಲೇ ಒಣಗಿ, ಕುಗ್ಗಿ, ಗಾಳಿಯಲ್ಲಿ ತೇಲುತ್ತ ಉಳಿಯುತ್ತವೆ. ಇದನ್ನು ಅಮೆರಿಕದ ವಿಲಿಯಂ ವೆಲ್ಸ್ 1934ರಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಅದು ಯಾಕೆ ಮುಖ್ಯವೆಂದರೆ, ಕಣ ಬಾಯಿಂದ ಹೊರಡುವ ಕ್ಷಣದಲ್ಲಿ ಒದ್ದೆಯಾಗಿ, ದೊಡ್ಡದಾಗಿ ಇರುತ್ತದೆ; ಅಲ್ಲೇ ತಡೆದರೆ ಸಾಧಾರಣ ಬಟ್ಟೆಗೂ ಸಿಕ್ಕಿಬೀಳುತ್ತದೆ. ಒಣಗಿ ಕುಗ್ಗಿ ಕೋಣೆಯ ತುಂಬ ಹರಡಿದ ಮೇಲೆ ಇನ್ನೊಬ್ಬರ ಮೂಗಿನ ಬಳಿ ಹಿಡಿಯುವುದು ಬಹಳ ಕಷ್ಟ. ಸೋಂಕಿತರು ಹಾಕಿದ ಮಾಸ್ಕ್, ಆರೋಗ್ಯವಂತರು ಹಾಕಿದ ಮಾಸ್ಕಿಗಿಂತ ಹೆಚ್ಚು ಕೆಲಸ ಮಾಡುವುದು ಇದೇ ಕಾರಣಕ್ಕೆ.

ಇನ್ನು ನಾರುಗಳ ವಿಷಯ. ಒಳ್ಳೆಯ ಮಾಸ್ಕಿನ ಒಳಪದರ ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡ ಅತಿ ತೆಳುವಾದ ಪ್ಲಾಸ್ಟಿಕ್ ನಾರುಗಳ ಕಾಡು. ಗಾಳಿ ಆ ನಾರುಗಳನ್ನು ಬಳಸಿಕೊಂಡು ಸುತ್ತಿ ಸುತ್ತಿ ಸಾಗಬೇಕು. ತುಸು ಭಾರವಿರುವ ಕಣಕ್ಕೆ ಆ ತಿರುವಿನಲ್ಲಿ ಗಾಳಿಯ ಜೊತೆ ತಿರುಗಲಾಗುವುದಿಲ್ಲ. ನೇರ ಹೋಗಿ ನಾರಿಗೆ ಬಡಿಯುತ್ತದೆ, ಅಲ್ಲೇ ಅಂಟುತ್ತದೆ. ತೀರ ಸಣ್ಣ ಕಣದ್ದು ಬೇರೆಯೇ ಪಾಡು. ಗಾಳಿಯ ಅಣುಗಳು ಅದನ್ನು ಎಲ್ಲ ಕಡೆಯಿಂದ ತಳ್ಳುತ್ತಲೇ ಇರುವುದರಿಂದ ಅದು ನೆಟ್ಟಗೆ ಸಾಗದೆ ತಡಬಡಿಸುತ್ತ, ಎಲ್ಲೋ ಒಂದು ಕಡೆ ನಾರನ್ನು ಮುಟ್ಟಿಬಿಡುತ್ತದೆ. ಮುಟ್ಟಿದರೆ ಸಾಕು, ಬಿಡುಗಡೆಯಿಲ್ಲ. ತಪ್ಪಿಸಿಕೊಳ್ಳುವ ಅವಕಾಶ ಹೆಚ್ಚಿರುವುದು ಈ ಎರಡರ ನಡುವಿನ, ಸುಮಾರು 0.3 ಮೈಕ್ರಾನ್ ಗಾತ್ರದ ಕಣಗಳಿಗೆ. ಎನ್-95 ಮಾಸ್ಕನ್ನು ಪರೀಕ್ಷಿಸುವುದು ಈ ಕಷ್ಟದ ಗಾತ್ರದಲ್ಲೇ. ಅಲ್ಲಿ ಶೇ 95ರಷ್ಟು ಕಣಗಳನ್ನು ಹಿಡಿದರೆ ಮಾತ್ರ ಅದಕ್ಕೆ ಆ ಹೆಸರು. 0.3ಕ್ಕಿಂತ ಸಣ್ಣ ಕಣವೆಂದರೆ ಇನ್ನೂ ಸುಲಭವಾಗಿ ನುಸುಳುತ್ತದೆ ಎಂದು ನಮ್ಮ ಸಾಮಾನ್ಯ ಬುದ್ಧಿ ಹೇಳುತ್ತದೆ. ನಡೆಯುವುದು ಅದಕ್ಕೆ ತದ್ವಿರುದ್ಧ. ನನಗೆ ಇಡೀ ಮಾಸ್ಕಿನ ಕತೆಯಲ್ಲಿ ಅತ್ಯಂತ ಚಂದ ಕಾಣುವ ಸಂಗತಿ ಇದು.

ಇದರ ಮೇಲೆ ವಿದ್ಯುತ್ತಿನ ಸಹಾಯವೂ ಇದೆ. ತೈವಾನ್‌ನಲ್ಲಿ ಹುಟ್ಟಿ ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಪೀಟರ್ ತ್ಸಾಯ್ 1990ರ ದಶಕದಲ್ಲಿ ಈ ನಾರುಗಳಿಗೆ ಶಾಶ್ವತವೆನ್ನುವಷ್ಟು ದೀರ್ಘಕಾಲ ನಿಲ್ಲುವ ವಿದ್ಯುದಾವೇಶ ತುಂಬುವ ವಿಧಾನ ಕಂಡುಹಿಡಿದರು. ಆವೇಶಗೊಂಡ ನಾರು ಪಕ್ಕದಲ್ಲಿ ಹಾದುಹೋಗುವ ಕಣವನ್ನು ತನ್ನತ್ತ ಸೆಳೆಯುತ್ತದೆ. ಹಾಗಾಗಿ ನಾರುಗಳನ್ನು ಉಸಿರುಕಟ್ಟುವಷ್ಟು ಒತ್ತೊತ್ತಾಗಿ ಹೆಣೆಯದೆಯೂ ಹೆಚ್ಚು ಕಣಗಳನ್ನು ಹಿಡಿಯಬಹುದು. ಕೋವಿಡ್ ಬಂದಾಗ ನಿವೃತ್ತರಾಗಿದ್ದ ತ್ಸಾಯ್ ಮತ್ತೆ ಕೆಲಸಕ್ಕೆ ಕುಳಿತರು. ಎನ್-95 ಸಿಗದೆ ಪರದಾಡುತ್ತಿದ್ದ ಆಸ್ಪತ್ರೆಗಳು ಹಳೆಯದನ್ನೇ ಮತ್ತೆ ಬಳಸುವುದು ಹೇಗೆಂದು ಕೇಳುತ್ತಿದ್ದವು. ಒಣ ಶಾಖ ಕೊಡಬಹುದು, ಕೆಲವು ದಿನ ಹಾಗೇ ಬಿಟ್ಟು ಆಮೇಲೆ ಹಾಕಿಕೊಳ್ಳಬಹುದು. ಆಲ್ಕೋಹಾಲಿನಲ್ಲಿ ಅದ್ದಿದರೆ ಮಾತ್ರ ನಾರಿನ ಆವೇಶ ಹೊರಟುಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಎನ್-95ಗೆ ಸ್ಯಾನಿಟೈಸರ್ ಸಿಂಪಡಿಸಿ ಶುದ್ಧವಾಯಿತೆಂದು ಸಮಾಧಾನಪಟ್ಟಿದ್ದು ಅದರ ಶಕ್ತಿಯನ್ನೇ ತೆಗೆದಂತಾಗಿತ್ತು.

ಇಷ್ಟಾದರೂ ಒಂದು ದೊಡ್ಡ ದೌರ್ಬಲ್ಯ ಉಳಿಯುತ್ತದೆ: ಅಂಚು. ಸರ್ಜಿಕಲ್ ಮಾಸ್ಕಿನ ಬಟ್ಟೆ ಎಷ್ಟೇ ಒಳ್ಳೆಯದಿರಲಿ, ಮೂಗಿನ ಎರಡೂ ಬದಿಯಲ್ಲಿ, ಕೆನ್ನೆಯ ಮೇಲೆ ಸಂದಿಯಿದ್ದರೆ ಗಾಳಿ ಸುಲಭದ ದಾರಿಯನ್ನೇ ಹಿಡಿಯುತ್ತದೆ. ಕನ್ನಡಕ ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಗಾಜಿನ ಮೇಲೆ ಮಂಜು ಕೂತರೆ ಉಸಿರು ಮೇಲಿನ ಸಂದಿಯಿಂದ ಹೋಗುತ್ತಿದೆ ಎಂದರ್ಥ. ಮೂಗಿನ ಮೇಲಿನ ತಂತಿಯನ್ನು ಒತ್ತಿ ಕೂರಿಸುವುದು ಅಲಂಕಾರಕ್ಕಲ್ಲ.

ಬಟ್ಟೆ ಕಣವನ್ನು ಹಿಡಿಯುತ್ತದೆ, ಸರಿ. ಅದರಿಂದ ರೋಗ ತಪ್ಪುತ್ತದೆಯೇ? ಕೋವಿಡ್‌ಗಿಂತ ಎಷ್ಟೋ ಮೊದಲು ದಕ್ಷಿಣ ಆಫ್ರಿಕಾದ ಎಮಲಹ್ಲೇನಿ ಎಂಬ ಊರಿನ ಆಸ್ಪತ್ರೆಯೊಂದರಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದ್ದರು. ಅಲ್ಲಿದ್ದವರು ಔಷಧಕ್ಕೆ ಬಗ್ಗದ ಕ್ಷಯರೋಗಿಗಳು. ಕ್ಷಯ ಬ್ಯಾಕ್ಟೀರಿಯಾದಿಂದ ಬರುವ ರೋಗ, ವೈರಸ್ಸಿನದಲ್ಲ. ಆದರೆ ಹರಡುವ ದಾರಿ ಒಂದೇ, ಗಾಳಿಯಲ್ಲಿ ತೇಲುವ ಕಣ. ರೋಗಿಗಳ ವಾರ್ಡಿನಿಂದ ಹೊರಹೋಗುವ ಗಾಳಿಯನ್ನು ಕೊಳವೆಗಳ ಮೂಲಕ ಎರಡು ಕೋಣೆಗಳಿಗೆ ಹಾಯಿಸಿದ್ದರು. ಒಂದೊಂದು ಕೋಣೆಯಲ್ಲೂ 90 ಗಿನಿ ಇಲಿಗಳು. ರೋಗಿಗಳು ಒಂದು ದಿನ ಸರ್ಜಿಕಲ್ ಮಾಸ್ಕ್ ಹಾಕುವುದು, ಮರುದಿನ ಬಿಡುವುದು. ಮಾಸ್ಕ್ ದಿನದ ಗಾಳಿ ಒಂದು ಕೋಣೆಗೆ, ಮಾಸ್ಕ್ ಇಲ್ಲದ ದಿನದ ಗಾಳಿ ಇನ್ನೊಂದಕ್ಕೆ. ಮಾಸ್ಕ್ ಇಲ್ಲದ ದಿನಗಳ ಗಾಳಿ ಸೇವಿಸಿದ 90ರಲ್ಲಿ 69 ಇಲಿಗಳಿಗೆ ಸೋಂಕು ತಗುಲಿತು. ಮಾಸ್ಕ್ ದಿನಗಳ ಗಾಳಿ ಸೇವಿಸಿದವುಗಳಲ್ಲಿ 36ಕ್ಕೆ. 2012ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ನಾನು ಮತ್ತೆ ಮತ್ತೆ ನೆನೆಯುವುದು ಅದರ ಎರಡೂ ಸಂಖ್ಯೆಗಳಿಗಾಗಿ. ಸಾಧಾರಣ ಸರ್ಜಿಕಲ್ ಮಾಸ್ಕ್ ರೋಗಿಯ ಮುಖದ ಮೇಲಿದ್ದರೆ ಸೋಂಕು ಹೆಚ್ಚುಕಡಿಮೆ ಅರ್ಧಕ್ಕಿಳಿಯಿತು. ಹಾಗಿದ್ದೂ 36 ಇಲಿಗಳು ತಪ್ಪಿಸಿಕೊಳ್ಳಲಿಲ್ಲ.

ಕೋವಿಡ್‌ನ ಆರಂಭದಲ್ಲಿ ಈ ತಿಳಿವಳಿಕೆ ಮೂಲೆಗೆ ಬಿತ್ತು. 2020ರ ಮಾರ್ಚ್ ಕೊನೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಈ ರೋಗ ಗಾಳಿಯಲ್ಲಿ ಹರಡುವುದಿಲ್ಲ ಎಂದು ಟ್ವಿಟರಿನಲ್ಲಿ ದೊಡ್ಡಕ್ಷರದಲ್ಲಿ ಸಾರಿತು. ಅದಕ್ಕೆ ಕೆಲವೇ ದಿನ ಮೊದಲು, ಮಾರ್ಚ್ 10ರಂದು, ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಕಣಿವೆಯಲ್ಲಿ 61 ಜನ ಸೇರಿ ಎರಡೂವರೆ ಗಂಟೆ ವೃಂದಗಾನದ ಅಭ್ಯಾಸ ಮಾಡಿದ್ದರು. ಅವರಲ್ಲಿ ಒಬ್ಬರಿಗೆ ನೆಗಡಿಯಂಥ ಲಕ್ಷಣಗಳಿದ್ದವು. ಖಚಿತಪಟ್ಟವರು, ಬಹುಮಟ್ಟಿಗೆ ಕೋವಿಡ್ಡೇ ಎನಿಸಿದವರು ಎಲ್ಲ ಸೇರಿ 53 ಜನ ಕಾಯಿಲೆ ಬಿದ್ದರು, ಇಬ್ಬರು ತೀರಿಕೊಂಡರು. ನೆಲಕ್ಕೆ ಬೀಳುವ ಹನಿಗಳಿಂದಷ್ಟೇ ಇಷ್ಟು ಜನರಿಗೆ ತಗುಲಿತೆಂದು ವಿವರಿಸುವುದು ಕಷ್ಟ. ಸಾರ್ವಜನಿಕರು ಮಾಸ್ಕ್ ಹಾಕಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಜೂನ್ 5ರಂದು. ಭಾರತ ಸರ್ಕಾರ ಮನೆಯಲ್ಲೇ ಹೊಲಿದ ಮಾಸ್ಕ್ ಬಳಸಿ ಎಂದು ಏಪ್ರಿಲ್ ಮೊದಲ ವಾರದಲ್ಲೇ ಹೇಳಿತ್ತು. ಅಷ್ಟರಮಟ್ಟಿಗೆ ನಾವು ಮುಂದಿದ್ದೆವು.

ಈಗ ಬಾಂಗ್ಲಾದೇಶದ ಹಳ್ಳಿಗಳಿಗೆ ಬರೋಣ. ಎಮಲಹ್ಲೇನಿಯ ವಾರ್ಡಿನಲ್ಲಿ ರೋಗಿಗಳು ಮಾಸ್ಕ್ ಹಾಕಿದ್ದಾರೆಯೇ ಎಂದು ನೋಡಲು ಜನ ಇದ್ದರು. ಊರೆಂದರೆ ಹಾಗಲ್ಲ. ಸೆಕೆ, ಬೆವರು, ಬೀಡಿ, ಎಲೆಅಡಿಕೆ, ಮಾತು, ಮರೆವು ಎಲ್ಲವೂ ಮಾಸ್ಕನ್ನು ಕೆಳಗಿಳಿಸುತ್ತವೆ. ಹಾಗಾಗಿ ಸಂಶೋಧಕರು ಬಟ್ಟೆಯ ಜೊತೆ ಜನರ ನಡತೆಯನ್ನೂ ಪರೀಕ್ಷೆಗೆ ಇಟ್ಟರು. ಸುಮಾರು 3 ಲಕ್ಷ 42 ಸಾವಿರ ವಯಸ್ಕರಿದ್ದ 600 ಹಳ್ಳಿಗಳನ್ನು ಜೋಡಿ ಮಾಡಿ, ಪ್ರತಿ ಜೋಡಿಯಲ್ಲಿ ಒಂದನ್ನು ಲಾಟರಿಯ ಮೂಲಕ ಆರಿಸಿದರು. ಆಯ್ಕೆಯಾದ 300 ಹಳ್ಳಿಗಳ ಪೈಕಿ 200ರಲ್ಲಿ ಸರ್ಜಿಕಲ್ ಮಾಸ್ಕ್, 100ರಲ್ಲಿ ಬಟ್ಟೆಯ ಮಾಸ್ಕ್. ಮನೆಮನೆಗೆ ಉಚಿತವಾಗಿ ಕೊಟ್ಟರು. ಆಗಿನ ಪ್ರಧಾನಿ ಶೇಖ್ ಹಸೀನಾ, ಕ್ರಿಕೆಟಿಗ ಶಕೀಬ್ ಅಲ್ ಹಸನ್ ಮಾತಾಡಿದ ವಿಡಿಯೊ ತೋರಿಸಿದರು. ಮಸೀದಿಯ ಇಮಾಮರು ಶುಕ್ರವಾರ ಜನರಿಗೆ ಹೇಳಿದರು. ಸಂತೆಯಲ್ಲಿ ಮಾಸ್ಕ್ ಇಲ್ಲದೆ ಕಂಡವರನ್ನು ನಿಲ್ಲಿಸಿ, ಹಾಕಿಕೊಳ್ಳಿ ಎಂದು ಕೈಗೊಂದು ಕೊಟ್ಟು ಕೇಳಿಕೊಂಡರು. ಇದು ಎಂಟು ವಾರ ನಡೆಯಿತು.

ಹೋಲಿಕೆಗೆಂದು ಬಿಟ್ಟ ಹಳ್ಳಿಗಳಲ್ಲಿ ಸರಿಯಾಗಿ ಮಾಸ್ಕ್ ಹಾಕಿದವರು ಶೇ 13. ಪ್ರಯೋಗದ ಹಳ್ಳಿಗಳಲ್ಲಿ ಶೇ 42. ಜನರನ್ನು ಒಪ್ಪಿಸಲು ಸಂಶೋಧಕರು ಇನ್ನೂ ಹಲವು ಉಪಾಯ ಹೂಡಿದ್ದರು: ಮೊಬೈಲಿಗೆ ಸಂದೇಶ, ಊರಿನ ಮುಖಂಡರಿಗೆ ಪ್ರೋತ್ಸಾಹಧನ, ನಮ್ಮ ಮನೆಯಲ್ಲಿ ಮಾಸ್ಕ್ ಹಾಕುತ್ತೇವೆಂಬ ಫಲಕ. ಇವ್ಯಾವುದರಿಂದಲೂ ಹೆಚ್ಚಿನ ಲಾಭ ಕಾಣಲಿಲ್ಲ. ಉಚಿತವಾಗಿ ಕೊಡುವುದು, ಎದುರಿಗೆ ನಿಂತು ಮತ್ತೆ ಮತ್ತೆ ಕೇಳುವುದು, ಊರು ಗೌರವಿಸುವವರು ತಾವು ಹಾಕಿ ತೋರಿಸುವುದು ಇವೆಲ್ಲ ಒಟ್ಟಾದಾಗ ಮಾಸ್ಕ್ ಮುಖಕ್ಕೇರಿತು.

ರೋಗದ ಲೆಕ್ಕ ಹೀಗಿತ್ತು. ಜ್ವರ, ಕೆಮ್ಮಿನಂಥ ಲಕ್ಷಣ ಹೇಳಿದವರಿಂದ, ಒಪ್ಪಿದರೆ, ಬೆರಳ ತುದಿಯ ರಕ್ತ ತೆಗೆದು ಕೊರೊನಾ ಪ್ರತಿಕಾಯಗಳಿವೆಯೇ ಎಂದು ನೋಡಿದರು. ಲಕ್ಷಣದ ಜೊತೆ ಪ್ರತಿಕಾಯವೂ ಕಂಡವರ ಪ್ರಮಾಣ ಮಾಸ್ಕ್ ಹಳ್ಳಿಗಳಲ್ಲಿ ಸುಮಾರು ಶೇ 9.5ರಷ್ಟು ಕಡಿಮೆ. ಸರ್ಜಿಕಲ್ ಮಾಸ್ಕ್ ಕೊಟ್ಟ ಹಳ್ಳಿಗಳನ್ನಷ್ಟೇ ತೆಗೆದುಕೊಂಡರೆ ಶೇ 11ರಷ್ಟು; ಅಲ್ಲಿ 60 ದಾಟಿದವರಲ್ಲಿ ಇಳಿಕೆ ಶೇ 35. ಬಟ್ಟೆಯ ಮಾಸ್ಕಿನ ಹಳ್ಳಿಗಳಲ್ಲಿ ಕಂಡ ವ್ಯತ್ಯಾಸ ಆಕಸ್ಮಿಕವೇ ನಿಜವೇ ಎಂದು ಹೇಳಲಾಗದಷ್ಟು ಸಣ್ಣದು.

ಶೇ 9.5 ಎಂಬ ಅಂಕಿ ಪ್ರಕಟವಾದಾಗ ಎರಡು ಕಡೆಯವರೂ ಅದನ್ನು ತಮ್ಮತ್ತ ಎಳೆದುಕೊಂಡರು. ಮಾಸ್ಕ್ ಕೆಲಸ ಮಾಡುತ್ತದೆ ಎಂಬುದು ಸಿದ್ಧವಾಯಿತೆಂದು ಕೆಲವರು, ಇಷ್ಟಕ್ಕೆ ಇಷ್ಟು ರಂಪವೇ ಎಂದು ಕೆಲವರು. ಇದು ಮಾಸ್ಕ್ ಹಾಕಿದ ಒಬ್ಬ ವ್ಯಕ್ತಿಗೆ ಸಿಕ್ಕ ರಕ್ಷಣೆಯ ಅಳತೆಯೆಂದು ಓದಿದರೆ ಇಬ್ಬರೂ ತಪ್ಪುತ್ತಾರೆ. ಊರಿನ ನೂರು ಜನರಲ್ಲಿ ಸುಮಾರು 29 ಜನ ಹೆಚ್ಚಿಗೆ ಮಾಸ್ಕ್ ಹಾಕತೊಡಗಿದ್ದರಿಂದ ಇಡೀ ಊರಿನಲ್ಲಿ ಆದ ಬದಲಾವಣೆ ಅದು. ನೂರರಲ್ಲಿ 58 ಜನ ಆಗಲೂ ಸರಿಯಾಗಿ ಹಾಕುತ್ತಿರಲಿಲ್ಲ. ಎಲ್ಲರೂ ಹಾಕಿದ್ದರೆ ಎಷ್ಟಾಗುತ್ತಿತ್ತು ಎಂಬ ಗುಣಾಕಾರವನ್ನು ಈ ಪ್ರಯೋಗದಿಂದ ಮಾಡುವಂತಿಲ್ಲ.

ಟೀಕೆಗಳೂ ಬಂದವು, ಬಲವಾದವೇ. ಮಾಸ್ಕ್ ಹಾಕಿದ್ದೇವೆಂದು ಹಾಕಿದವರಿಗೆ ಗೊತ್ತಿರುತ್ತದೆ. ಔಷಧ ಪರೀಕ್ಷೆಯಲ್ಲಿ ಬರೀ ಸಕ್ಕರೆ ಗುಳಿಗೆ ಕೊಟ್ಟು ಮರೆಮಾಚುವಂತೆ ಇಲ್ಲಿ ಮರೆಮಾಚಲಾಗುವುದಿಲ್ಲ. ಲಕ್ಷಣಗಳನ್ನು ಹೇಳಿದ್ದು ಜನರೇ. ರಕ್ತ ಕೊಡಲು ಒಪ್ಪಿದ್ದು ಅವರಲ್ಲಿ ಸುಮಾರು ಶೇ 40 ಮಂದಿ ಮಾತ್ರ. ಅದೂ ಅಲ್ಲದೆ ಮಾಸ್ಕ್ ಹಂಚಿದ ಹಳ್ಳಿಗಳಲ್ಲಿ ಜನ ತುಸು ಹೆಚ್ಚು ಅಂತರವನ್ನೂ ಕಾಪಾಡಿಕೊಂಡಿದ್ದರು. ಇಳಿಕೆಯಲ್ಲಿ ಎಷ್ಟು ಪಾಲು ಬಟ್ಟೆಯದು, ಎಷ್ಟು ಪಾಲು ಅಂತರದ್ದು? ಈ ಪ್ರಶ್ನೆಗಳು ನ್ಯಾಯವಾದವು. ಆದರೂ ಹಳ್ಳಿಯ ಜೀವನದ ನಡುವೆ ಇಷ್ಟು ದೊಡ್ಡದಾಗಿ, ಇಷ್ಟು ಶ್ರದ್ಧೆಯಿಂದ ನಡೆದ ಮಾಸ್ಕ್ ಪ್ರಯೋಗ ಇನ್ನೊಂದನ್ನು ನಾನು ಕಾಣೆ. ಸರ್ಜಿಕಲ್ ಮಾಸ್ಕಿನಲ್ಲಿ ಸ್ಪಷ್ಟವಾಗಿ ಕಂಡ ಇಳಿಕೆ ಬಟ್ಟೆಯ ಮಾಸ್ಕಿನಲ್ಲಿ ಅಷ್ಟು ಸ್ಪಷ್ಟವಾಗಿ ಕಾಣದಿದ್ದದ್ದು ಭೌತಶಾಸ್ತ್ರ ಹೇಳುವುದರ ಜೊತೆ ಹೊಂದುತ್ತದೆ ಎಂಬುದೂ ನನಗೆ ಧೈರ್ಯ ಕೊಡುತ್ತದೆ. ಅದೇ ತಂಡ ಅಳೆದಾಗ ಅವರು ಕೊಟ್ಟ ಬಟ್ಟೆಯ ಮಾಸ್ಕ್ ಕಣಗಳಲ್ಲಿ ಶೇ 37ನ್ನು ಹಿಡಿದರೆ, ಸರ್ಜಿಕಲ್ ಮಾಸ್ಕ್ ಶೇ 95ನ್ನು ಹಿಡಿದಿತ್ತು. ಸೋಪು ಹಾಕಿ ಹತ್ತು ಸಲ ತೊಳೆದ ಮೇಲೂ ಶೇ 76. ಒಂದು ದಿನ ಹಾಕಿ ಎಸೆಯಬೇಕೆಂದು ಹೇಳುವ ಮಾಸ್ಕ್, ಹತ್ತು ಸಲ ತೊಳೆದ ಮೇಲೂ ಹೊಸ ಬಟ್ಟೆಯ ಮಾಸ್ಕಿನ ಎರಡು ಪಟ್ಟು ಕೆಲಸ ಮಾಡುತ್ತದೆ ಎಂಬುದು ಬಡವರ ಊರಿಗೆ ಸಣ್ಣ ಸುದ್ದಿಯಲ್ಲ.

ಬೇರೆ ಪ್ರಯೋಗಗಳ ಕತೆ ಚಿಕ್ಕದು. ಡೆನ್ಮಾರ್ಕಿನಲ್ಲಿ 2020ರ ಏಪ್ರಿಲ್, ಮೇ ತಿಂಗಳುಗಳಲ್ಲಿ ಸುಮಾರು 6 ಸಾವಿರ ಜನರ ಪೈಕಿ ಅರ್ಧದಷ್ಟು ಜನರಿಗೆ ಹೊರಗೆ ಹೋದಾಗ ಮಾಸ್ಕ್ ಹಾಕಿ ಎಂದರು. ಸೋಂಕು ಅವರಲ್ಲಿ ಶೇ 1.8, ಉಳಿದವರಲ್ಲಿ ಶೇ 2.1. ವ್ಯತ್ಯಾಸ ನಿಜವೆಂದು ಹೇಳಲು ಅಂಕಿ ಸಾಲದು, ಇಲ್ಲವೆಂದು ಹೇಳಲೂ ಸಾಲದು. ಅಲ್ಲಿ ಅಳೆದದ್ದು ಹಾಕಿದವರಿಗೆ ಸಿಗುವ ರಕ್ಷಣೆಯನ್ನು. ಹಾಕಿದವರಿಂದ ಇತರರಿಗೆ ಸಿಗುವುದನ್ನಲ್ಲ. 2023ರಲ್ಲಿ ನಾರ್ವೆಯಲ್ಲಿ 4,600ಕ್ಕೂ ಹೆಚ್ಚು ಜನರ ಮೇಲೆ ಹದಿನಾಲ್ಕು ದಿನ ಇಂಥದ್ದೇ ಪ್ರಯೋಗ ನಡೆದಾಗ, ಉಸಿರಾಟದ ಸೋಂಕಿನ ಲಕ್ಷಣ ಹೇಳಿಕೊಂಡವರು ಮಾಸ್ಕ್ ಗುಂಪಿನಲ್ಲಿ ಶೇ 8.9, ಇನ್ನೊಂದರಲ್ಲಿ ಶೇ 12.2. ಅದೇ ವರ್ಷದ ಆರಂಭದಲ್ಲಿ ಕಾಕ್ರೇನ್ ಸಂಸ್ಥೆ 78 ಪ್ರಯೋಗಗಳನ್ನು ಒಟ್ಟುಗೂಡಿಸಿ ಮಾಡಿದ ವಿಮರ್ಶೆಯಲ್ಲಿ, ಸಮುದಾಯದಲ್ಲಿ ಮಾಸ್ಕಿನಿಂದ ಹೆಚ್ಚಿನ ವ್ಯತ್ಯಾಸವಿಲ್ಲವೇನೋ ಎಂಬ ಅರ್ಥದ ಸಾಲು ಬಂತು. ಮಾಸ್ಕ್ ಕೆಲಸ ಮಾಡುವುದಿಲ್ಲವೆಂದು ವಿಜ್ಞಾನ ಒಪ್ಪಿಕೊಂಡಿತು ಎಂಬ ತಲೆಬರಹಗಳು ಪ್ರಪಂಚದಾದ್ಯಂತ ಹಾರಾಡಿದವು. ಆ ಸಂಸ್ಥೆಯ ಪ್ರಧಾನ ಸಂಪಾದಕಿ ಕಾರ್ಲಾ ಸೋರೆಸ್-ವೈಸರ್ ಮಾರ್ಚಿನಲ್ಲಿ ಹೇಳಿಕೆ ಕೊಟ್ಟು, ಆ ವ್ಯಾಖ್ಯಾನ ತಪ್ಪು, ಫಲಿತಾಂಶ ಅನಿರ್ಣಿತ, ವಿಮರ್ಶೆ ಪರಿಶೀಲಿಸಿದ್ದು ಮಾಸ್ಕ್ ಹಾಕುವಂತೆ ಉತ್ತೇಜಿಸುವ ಕ್ರಮಗಳನ್ನು ಎಂದು ಸ್ಪಷ್ಟಪಡಿಸಬೇಕಾಯಿತು. ನಾನು ಮೊದಲೇ ಹೇಳಿದ ಎರಡು ಪ್ರಶ್ನೆಗಳ ಬೆರಕೆ ಇಲ್ಲಿಯೂ ಆಯಿತು.

ಬಟ್ಟೆಯ ಮಾಸ್ಕ್ ಬಗ್ಗೆ ಎಚ್ಚರಿಕೆ 2015ರಲ್ಲೇ ಬಂದಿತ್ತು. ವಿಯೆಟ್ನಾಮಿನ ಹನೋಯ್ ನಗರದ 14 ಆಸ್ಪತ್ರೆಗಳಲ್ಲಿ 1,607 ಸಿಬ್ಬಂದಿಯ ಮೇಲೆ ನಡೆದ ಅಧ್ಯಯನದಲ್ಲಿ, ಬಟ್ಟೆಯದನ್ನು ಹಾಕಿದವರಿಗೆ ಸರ್ಜಿಕಲ್ ಮಾಸ್ಕ್ ಹಾಕಿದವರಿಗಿಂತ ಹೆಚ್ಚು ಸೋಂಕು ತಗುಲಿತ್ತು.

ಇದನ್ನೆಲ್ಲ ಇಟ್ಟುಕೊಂಡು ನಮ್ಮ ಕರ್ನಾಟಕದ ಆ ದಿನಗಳನ್ನು ನೋಡಿದರೆ ಮನಸ್ಸಿಗೆ ಹೆಮ್ಮೆಯೂ ಆಗುತ್ತದೆ, ನೋವೂ ಆಗುತ್ತದೆ. 2020ರ ಏಪ್ರಿಲಿನಲ್ಲಿ ಅಂಗಡಿಗಳಲ್ಲಿ ಮಾಸ್ಕ್ ಸಿಗದಿದ್ದಾಗ ಹಳ್ಳಿಹಳ್ಳಿಗಳ ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ಹೊಲಿಗೆ ಯಂತ್ರದ ಮುಂದೆ ಕೂತು ಹೊಲಿದು ಕೊಟ್ಟ ಮಾಸ್ಕ್ ಆಗ ಸರಿಯಾದ ಉತ್ತರವೇ ಆಗಿತ್ತು. ಎನ್-95 ಮತ್ತು ಸರ್ಜಿಕಲ್ ಮಾಸ್ಕ್ ದಾದಿಯರಿಗೂ ಸಾಲದ ಹೊತ್ತು ಅದು. ಕೆಮ್ಮುವವರ ಬಾಯಿಗೆ ಏನೂ ಇಲ್ಲದಿರುವುದಕ್ಕಿಂತ ಎರಡು ಪದರ ಹತ್ತಿ ಬಟ್ಟೆ ಇರುವುದು ಎಷ್ಟೋ ವಾಸಿ. ಆದರೆ ಮುಂದೆ ಸರ್ಜಿಕಲ್ ಮಾಸ್ಕ್ ಅಗ್ಗವಾಗಿ, ಎಲ್ಲ ಔಷಧ ಅಂಗಡಿಗಳಲ್ಲೂ ರಾಶಿರಾಶಿಯಾಗಿ ಸಿಗತೊಡಗಿದ ಮೇಲೂ ನಮ್ಮ ನಿಯಮ ಕದಲಲಿಲ್ಲ. ವಲ್ಲಿ, ಸೆರಗು, ಕರ್ಚೀಫು, ಹೊಲಿದದ್ದು, ಕೊಂಡದ್ದು, ಯಾವುದಾದರೂ ಮುಖದ ಮೇಲೆ ಇದ್ದರೆ ಸರಿ. ಆಡಳಿತದ ಶಕ್ತಿಯೆಲ್ಲ ದಂಡದ ಮೇಲೆ ಕೂತಿತು. 2020ರ ಅಕ್ಟೋಬರಿನಲ್ಲಿ ನಗರಗಳಲ್ಲಿ ದಂಡವನ್ನು 1,000 ರೂಪಾಯಿಗೆ ಏರಿಸಿ, ಜನರ ಆಕ್ರೋಶ ಕಂಡು ಕೆಲವೇ ದಿನಗಳಲ್ಲಿ 250ಕ್ಕೆ ಇಳಿಸಿದರು. ಬೆಂಗಳೂರಿನ ರಸ್ತೆಗಳಲ್ಲಿ ಮಾರ್ಷಲ್‌ಗಳನ್ನು ಕಂಡೊಡನೆ ಮೇಲೇರಿದ ಮಾಸ್ಕ್ ಅವರು ಮರೆಯಾದೊಡನೆ ಇಳಿಯುತ್ತಿತ್ತು. ಬಯಲಲ್ಲಿ ಒಬ್ಬರೇ ಸ್ಕೂಟರಿನಲ್ಲಿ ಹೋಗುವವರನ್ನು ಹಿಡಿದರು. ಕಿಟಕಿ ಮುಚ್ಚಿದ ಕಚೇರಿಯಲ್ಲಿ, ಮದುವೆ ಛತ್ರದ ಊಟದ ಹಾಲಿನಲ್ಲಿ, ಏಸಿ ಹಾಕಿದ ಮೀಟಿಂಗಿನಲ್ಲಿ ಮಾಸ್ಕ್ ತೆಗೆದಿಟ್ಟು ಗಂಟೆಗಟ್ಟಲೆ ಮಾತಾಡಿದವರನ್ನು ಯಾರೂ ಕೇಳಲಿಲ್ಲ. ಕಣ ತೇಲಿ ನಿಲ್ಲುವುದು ಇಂಥ ಮುಚ್ಚಿದ ಜಾಗದಲ್ಲಿ.

ಗಾಳಿಯಲ್ಲಿ ಹರಡುವ ಇನ್ನೊಂದು ವೈರಸ್ ಬಂದೇ ಬರುತ್ತದೆ. ಅಂದು ದಂಡದ ರಸೀದಿ ಪುಸ್ತಕ ಅಚ್ಚಾಗುವ ಮೊದಲು, ಅರವತ್ತು ದಾಟಿದವರಿರುವ ಪ್ರತಿ ಮನೆಗೂ ಒಳ್ಳೆಯ ಸರ್ಜಿಕಲ್ ಮಾಸ್ಕ್ ಉಚಿತವಾಗಿ ಹೋಗಬೇಕು. ಸಾಧ್ಯವಾದರೆ ಆಸ್ಪತ್ರೆ, ಬಸ್ಸು, ಇಕ್ಕಟ್ಟಾದ ಕೋಣೆಗಳಿಗೆಂದು ಮುಖಕ್ಕೆ ಬಿಗಿಯಾಗಿ ಕೂರುವ ಎನ್-95. ಅದನ್ನು ಕೊಡುವವರು ಆಶಾ ಕಾರ್ಯಕರ್ತೆಯರಾಗಲಿ, ಊರಿನ ಮೇಷ್ಟರಾಗಲಿ, ದೇವಸ್ಥಾನ ಮಸೀದಿಗಳ ಹಿರಿಯರಾಗಲಿ, ತಮ್ಮ ಮುಖಕ್ಕೆ ಹಾಕಿಕೊಂಡು, ಮೂಗಿನ ತಂತಿ ಒತ್ತಿ ತೋರಿಸಿ, ಮುಂದಿನ ವಾರ ಮತ್ತೆ ಬಂದು ಕೇಳಬೇಕು. ಮನೆಯಲ್ಲಿ ಕೆಮ್ಮುವವರಿದ್ದರೆ ಮೊದಲ ಮಾಸ್ಕ್ ಅವರ ಮುಖಕ್ಕೆ, ಎರಡನೆಯದು ಆರೈಕೆ ಮಾಡುವವರ ಮುಖಕ್ಕೆ, ಕಿಟಕಿ ತೆರೆದೇ ಇರಬೇಕು ಎಂದು ತಿಳಿಸಿ ಹೇಳಬೇಕು. ಕ್ಷಯರೋಗಿಗಳ ಮನೆಗಳಲ್ಲಿ ಈ ಕೆಲಸಕ್ಕೆ ಮುಂದಿನ ವೈರಸ್ ಬರುವ ತನಕ ಕಾಯಬೇಕಾದ್ದಿಲ್ಲ, ಇವತ್ತೇ ಶುರುಮಾಡಬಹುದು.